ಅಂಧೇರಿಯ ಆ ಸಂಜೆಯ ಬಾಕಿ

1996ರ ನವೆಂಬರ್ 1. ನಮ್ಮ ಕನ್ನಡ ಸಂಘಗಳ ಪಾಲಿಗೆ ರಾಜ್ಯೋತ್ಸವ. ಮುಂಬಯಿಯ ಪಾಲಿಗೆ ಮೈಕೆಲ್ ಜಾಕ್ಸನ್ ಹಾಡಿದ ದಿನ. ಅಂಧೇರಿ ಕ್ರೀಡಾ ಸಂಕುಲದ ಆ ಕಾರ್ಯಕ್ರಮ ನಡೆದದ್ದು ಶಿವಸೇನೆಯ ಅಂಗವಾದ ಶಿವ ಉದ್ಯೋಗ ಸೇನೆಯ ಸಹಾಯಾರ್ಥ. ಮರಾಠಿ ತರುಣರಿಗೆ ಉದ್ಯೋಗ ಒದಗಿಸುವುದು ಅದರ ಘೋಷಿತ ಉದ್ದೇಶ. ವಿಮಾನ ನಿಲ್ದಾಣದಲ್ಲಿ ನಟಿ ಸೋನಾಲಿ ಬೇಂದ್ರೆ ಮರಾಠಿ ಶೈಲಿಯ ಸೀರೆಯುಟ್ಟು ಸ್ವಾಗತಿಸಿದರು. ಅತಿಥಿ ಬಾಳ ಠಾಕ್ರೆಯವರ ನಿವಾಸ ‘ಮಾತೋಶ್ರೀ’ಗೂ ಹೋಗಿಬಂದ. ಅರುವತ್ತರ ದಶಕದಲ್ಲಿ ಇದೇ ಪಕ್ಷದ ದಕ್ಷಿಣದವರ ವಿರುದ್ಧದ ಚಳವಳಿಗೆ ಗುರಿಯಾದದ್ದು ನಮ್ಮ ಉಡುಪಿ ಹೋಟೆಲುಗಳು. ಆ ಕಾಲವನ್ನು ಕಂಡ ಹಿರಿಯರು ಈ ಆದರಾತಿಥ್ಯಕ್ಕೆ ಒಳಗೊಳಗೇ ನಕ್ಕಿದ್ದರೆ ಆಶ್ಚರ್ಯವಿಲ್ಲ.

ಅದೇ ತಿಂಗಳು ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆಯ ವಿರುದ್ಧ ಜನ ಬೀದಿಗಿಳಿದರು. ಅಲ್ಲಿಯೂ ಇಲ್ಲಿಯೂ ಜಗಳ ‘ಸಂಸ್ಕೃತಿ’ಯದು. ಇಲ್ಲಿ ಅದಕ್ಕೆ ತೆರಿಗೆಯೂ ಸೇರಿತು. ಸರಕಾರ ಮನರಂಜನಾ ತೆರಿಗೆ ಮನ್ನಾ ಮಾಡಿದ್ದನ್ನು ಪ್ರಶ್ನಿಸಿ ಮುಂಬಯಿ ಗ್ರಾಹಕ ಪಂಚಾಯತ್ ಹೈಕೋರ್ಟಿಗೆ ಹೋಯಿತು. 2011ರಲ್ಲಿ ಆ ಆದೇಶ ರದ್ದಾಯಿತು. 2021ರ ಜನವರಿಯಲ್ಲಿ, ಠಾಕ್ರೆಯವರ ಮಗನೇ ಮುಖ್ಯಮಂತ್ರಿಯಾಗಿದ್ದಾಗ, 3 ಕೋಟಿ ರೂಪಾಯಿಗೂ ಮಿಕ್ಕ ಆ ಮೊತ್ತಕ್ಕೆ ಸಂಪುಟ ಮತ್ತೆ ವಿನಾಯಿತಿ ನೀಡಿತು. ಕಡತ ಮುಚ್ಚಲು ಕಾಲು ಶತಮಾನ!

ಇನ್ನೊಂದು ಕಡತವನ್ನು ನಾವು ತೆರೆಯಲೇ ಇಲ್ಲ. ಬಾಲಕನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಜಾಕ್ಸನ್ ಮೇಲೆ ಬಂದದ್ದು 1993ರಲ್ಲಿ. ಮರುವರ್ಷ ಆ ದಾವೆ ಹಣದಿಂದ ಇತ್ಯರ್ಥವಾಯಿತು. ಅಂದರೆ, ಆತ ಮುಂಬಯಿಗೆ ಬರುವಷ್ಟರಲ್ಲಿ ಅದು ಜಗತ್ತಿಗೇ ಗೊತ್ತಿದ್ದ ಸುದ್ದಿ. ಮತ್ತೊಂದು ಮೊಕದ್ದಮೆಯಲ್ಲಿ 2005ರಲ್ಲಿ ಎಲ್ಲ ಆರೋಪಗಳಿಂದ ಖುಲಾಸೆಯಾದ, 2009ರಲ್ಲಿ ತೀರಿಕೊಂಡ. 2019ರ ‘ಲೀವಿಂಗ್ ನೆವರ್‌ಲ್ಯಾಂಡ್’ ಸಾಕ್ಷ್ಯಚಿತ್ರದಲ್ಲಿ ಇಬ್ಬರು ತಮ್ಮ ಬಾಲ್ಯದ ಕಥನವನ್ನು ಹೇಳಿಕೊಂಡರು. ಆತನ ಆಸ್ತಿಯ ವಾರಸುದಾರರು ಅಲ್ಲಗಳೆದರು. ಆ ಇಬ್ಬರ ಮಾತನ್ನು ಸುಳ್ಳೆನ್ನಲು ನಮಗೆ ಮನಸ್ಸು ಬರಲಿಲ್ಲ.

ಹಾಗೆಂದು ಸಂಗೀತವನ್ನು ಒರೆಸಿಹಾಕೋಣವೆಂದರೆ, ಅದು ಒಬ್ಬನದಲ್ಲ. 1982ರ ‘ಥ್ರಿಲ್ಲರ್’ನ ನಾದವಿನ್ಯಾಸದಲ್ಲಿ ಕ್ವಿನ್ಸಿ ಜೋನ್ಸ್ ಇದ್ದಾರೆ, ಅದರ ಶೀರ್ಷಿಕೆ ಗೀತೆ ರಾಡ್ ಟೆಂಪರ್ಟನ್ ಬರೆದದ್ದು. ಕರಿಯ ಕಲಾವಿದರನ್ನು ದೂರವಿಟ್ಟಿದ್ದ ಎಂಟೀವಿಯ ಬಾಗಿಲನ್ನು ತೆರೆಸಿದ್ದರಲ್ಲಿ ‘ಬಿಲ್ಲಿ ಜೀನ್’ ಹಾಡಿನ ಪಾಲು ದೊಡ್ಡದು. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವರ ಹೆಜ್ಜೆಗಳಲ್ಲಿ ಆ ಕುಣಿತ ನಮ್ಮದೇ ಆಗಿಬಿಟ್ಟಿದೆ.

‘ಬಿಲ್ಲಿ ಜೀನ್’ ಕೇಳಿದರೆ ಇಂದಿಗೂ ನಮ್ಮ ಕಾಲು ತಾನಾಗಿ ತಾಳ ಹಾಕುತ್ತದೆ. ಜಗತ್ತಿನ ಮಕ್ಕಳಿಗಾಗಿ ಆತ ಹಾಡಿದ ‘ಹೀಲ್ ದ ವರ್ಲ್ಡ್’ ಅನ್ನು ಮಾತ್ರ, ಆ ಸಾಕ್ಷ್ಯಚಿತ್ರ ನೋಡಿದ ಮೇಲೆ, ನಾವು ಮತ್ತೆ ಹಾಕಿಲ್ಲ.