ಗಿಡಗಳಿಗೆ ಸಂಗೀತ ಕೇಳಿಸುತ್ತದೆಯೇ? ಒಂದು ಪ್ರಶ್ನೆಯ ಚರಿತ್ರೆ



ಗಿಡಗಳಿಗೆ ಸಂಗೀತ ಕೇಳಿಸಿದರೆ ಅವು ಹುಲುಸಾಗಿ ಬೆಳೆಯುತ್ತವೆ, ಆರ್ಕಿಡ್‌ನಂತಹ ನಾಜೂಕಿನ ಗಿಡಗಳೂ ಬೇಗ ಹೂ ಬಿಡುತ್ತವೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಬೇಕೇ, ಬೇಡವೇ? ಉತ್ತರಕ್ಕಿಂತ ಮೊದಲು ಈ ಪ್ರಶ್ನೆ ನಡೆದು ಬಂದ ದಾರಿಯನ್ನು ನೋಡೋಣ.

ಜೀವಿಗಳ ಮೇಲೆ ಸ್ವರಗಳ ಪ್ರಭಾವ ಹಳೆಯ ಕುತೂಹಲ. 965ರ ಸುಮಾರಿಗೆ ಬಸ್ರಾದಲ್ಲಿ ಜನಿಸಿದ ಇಬ್ನುಲ್ ಹೈಥಮ್ ಅವರ ಕೃತಿಗಳ ಪಟ್ಟಿಯಲ್ಲಿ, ರಾಗಗಳು ಪ್ರಾಣಿಗಳ ಮೇಲೆ ಬೀರುವ ಪ್ರಭಾವವನ್ನು ಕುರಿತ ಗ್ರಂಥವೊಂದರ ಹೆಸರಿದೆ. ಆ ಗ್ರಂಥ ಉಳಿದಿಲ್ಲ. ಆದರೆ ಅವರ ವಿಧಾನ ಉಳಿದಿದೆ. ಹಿರಿಯರು ಹೇಳಿದ್ದಾದರೂ ಪರೀಕ್ಷಿಸದೆ ಒಪ್ಪಬಾರದು ಎಂದ ಅವರು, ಮಹಾವಿದ್ವಾಂಸ ಟಾಲೆಮಿಯ ಮೇಲಿನ ಸಂಶಯಗಳನ್ನೇ ಒಂದು ಪುಸ್ತಕವಾಗಿ ಬರೆದರು.

1862ರಲ್ಲಿ ಆರ್ಕಿಡ್‌ಗಳ ಪರಾಗಸ್ಪರ್ಶದ ಬಗ್ಗೆ ಪುಸ್ತಕ ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್, ಒಮ್ಮೆ ಮಗ ಫ್ರಾನ್ಸಿಸ್‌ನಿಂದ ಗಿಡವೊಂದರ ಪಕ್ಕದಲ್ಲಿ ಬಸೂನ್ ವಾದ್ಯ ನುಡಿಸಿ ನೋಡಿದ್ದರು. ಇಂತಹವನ್ನು ಅವರೇ ನಗುತ್ತಾ ಮೂರ್ಖನ ಪ್ರಯೋಗಗಳೆಂದು ಕರೆಯುತ್ತಿದ್ದರು. ಆದರೂ ಮಾಡಿ ನೋಡಲು ಅವರು ಹಿಂಜರಿಯಲಿಲ್ಲ.

ನಮ್ಮ ದೇಶದಲ್ಲಿ 1950 ಮತ್ತು 60ರ ದಶಕಗಳಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಟಿ.ಸಿ. ಸಿಂಗ್ ಅವರು ಗಿಡಗಳಿಗೆ ಸಂಗೀತ ಕೇಳಿಸಿ, ಬೆಳವಣಿಗೆ ಹೆಚ್ಚಿತೆಂದು ವರದಿ ಮಾಡಿದರು. 1973ರಲ್ಲಿ ಅಮೆರಿಕದ ಡೊರೊಥಿ ರಿಟಾಲಾಕ್ ಬರೆದ ಪುಸ್ತಕ ಈ ನಂಬಿಕೆಯನ್ನು ಜಗತ್ತಿನಾದ್ಯಂತ ಹರಡಿತು. ಗಿಡಗಳಿಗೆ ಸೌಮ್ಯ ಸಂಗೀತ ಹಿಡಿಸುತ್ತದೆ, ರಾಕ್ ಸಂಗೀತ ಹಿಡಿಸುವುದಿಲ್ಲ ಎಂಬುದು ಅವರ ವಾದ. ವಿಜ್ಞಾನಿಗಳು ಒಪ್ಪಲಿಲ್ಲ. ಗಿಡಗಳ ಸಂಖ್ಯೆ ಕಡಿಮೆಯಿತ್ತು. ಬೆಳಕು, ನೀರು, ತೇವಾಂಶ ಎಲ್ಲಕ್ಕೂ ಸಮನಾಗಿತ್ತೆಂಬ ಖಾತರಿಯೂ ಸಾಲದಾಗಿತ್ತು.

ಇಲ್ಲಿ ಆರ್ಕಿಡ್‌ನ ಚರಿತ್ರೆ ನಮಗೆ ದೊಡ್ಡ ಪಾಠ. ನಮ್ಮ ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯೂ, ತೋಟದ ವೆನಿಲ್ಲಾ ಬಳ್ಳಿಯೂ ಆರ್ಕಿಡ್ ಕುಟುಂಬದವೇ. ಈ ಕುಟುಂಬದ ಹೆಚ್ಚಿನ ಗಿಡಗಳ ಬೀಜ ಧೂಳಿನಷ್ಟು ಸಣ್ಣದು; ಮೊಳಕೆಗೆ ಬೇಕಾದ ಆಹಾರದ ದಾಸ್ತಾನು ಅದರಲ್ಲಿಲ್ಲ. ಯುರೋಪಿನ ತೋಟಗಾರರು ಬಹುಕಾಲ ಬೀಜ ಬಿತ್ತಿ ಸೋತರು. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್, ಕಾಡಿನಲ್ಲಿ ಮೊಳೆತ ಆರ್ಕಿಡ್ ಬೀಜಗಳೊಳಗೆ ಶಿಲೀಂಧ್ರವಿರುವುದನ್ನು ಕಂಡುಹಿಡಿದರು. ಆ ಸಂಗಾತಿಯೇ ಮೊಳಕೆಗೆ ಆಹಾರ ಒದಗಿಸುತ್ತಿತ್ತು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಸಕ್ಕರೆ ಮತ್ತು ಲವಣಗಳ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿದರು. ಶ್ರೀಮಂತರ ಗಾಜಿನ ಮನೆಯ ಹೂವು ಸಾಮಾನ್ಯರ ಅಂಗಳಕ್ಕೆ ಬಂದದ್ದು ಹೀಗೆ ತಾಳ್ಮೆಯಿಂದ ನೋಡಿದವರಿಂದ.

ಹಾಗಾದರೆ ಗಿಡಗಳು ಕಿವುಡೇ? ಹಾಗೆಂದೂ ಹೇಳುವಂತಿಲ್ಲ. 2014ರಲ್ಲಿ ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಬಳಿಹುಳು ಎಲೆ ತಿನ್ನುವಾಗಿನ ಕಂಪನವನ್ನು ಸಾಸಿವೆ ಜಾತಿಯ ಪುಟ್ಟ ಗಿಡಕ್ಕೆ ನೀಡಿದರು. ಮುಂದೆ ಹುಳು ಬಿದ್ದಾಗ ಆ ಗಿಡ ಹೆಚ್ಚು ರಕ್ಷಕ ರಾಸಾಯನಿಕ ತಯಾರಿಸಿತು. ಗಾಳಿಯ ಕಂಪನಕ್ಕೆ ಹಾಗಾಗಲಿಲ್ಲ. 2019ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದಲ್ಲಿ, ಜೇನ್ನೊಣದ ಹಾರಾಟದ ಸದ್ದಿಗೆ ಸಂಜೆಯ ಪ್ರಿಮ್‌ರೋಸ್ ಹೂವಿನ ಮಕರಂದ ಮೂರೇ ನಿಮಿಷಗಳಲ್ಲಿ ಹೆಚ್ಚು ಸಿಹಿಯಾಯಿತು.

ಗಮನಿಸಿರಿ: ಗಿಡ ಸ್ಪಂದಿಸಿದ್ದು ನಮ್ಮ ರಾಗಕ್ಕಲ್ಲ, ತನ್ನ ಶತ್ರು ಮಿತ್ರರ ಸದ್ದಿಗೆ. ನಮಗೆ ಪ್ರಿಯವಾದುದು ಗಿಡಕ್ಕೂ ಪ್ರಿಯವೆಂದು ಭಾವಿಸಿದ್ದು ನಮ್ಮದೇ ಕಲ್ಪನೆ.

ವಿದ್ಯಾರ್ಥಿಗಳೇ, ನೀವೂ ಪರೀಕ್ಷಿಸಿರಿ. ಒಂದೇ ತಳಿಯ ಇಪ್ಪತ್ತು ಕುಂಡಗಳನ್ನು ಸಮನಾದ ಬೆಳಕು, ನೀರು ಕೊಟ್ಟು ಬೆಳೆಸಿ. ಹತ್ತಕ್ಕೆ ಮಾತ್ರ ಸಂಗೀತ ಕೇಳಿಸಿ. ಅಳತೆ ಮಾಡುವವನಿಗೆ ಯಾವುದು ಯಾವ ಗುಂಪಿನದೆಂದು ತಿಳಿಸಬೇಡಿ. ಬಂದ ಫಲಿತಾಂಶ ಇಷ್ಟವಾಗದಿದ್ದರೂ ಬರೆದಿಡಿ. ಇಬ್ನುಲ್ ಹೈಥಮ್ ಅವರನ್ನು ಹೆಮ್ಮೆಯಿಂದ ಸ್ಮರಿಸುವ ನಾವು ಅವರಿಗೆ ಸಲ್ಲಿಸಬಹುದಾದ ಗೌರವ ಇದುವೇ.