ಸ್ಥಿರ ರಿಟೇನರ್: ವಕ್ರದಂತ ಚಿಕಿತ್ಸೆಯ ನಂತರ ಅನುಸರಿಸಬೇಕಾದ ಕ್ರಮಗಳು
(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸಾಲು ತಪ್ಪಿದ ಹಲ್ಲುಗಳನ್ನು ಸರಿಪಡಿಸಲು ನೀಡುವ ಚಿಕಿತ್ಸೆಯನ್ನು ವಕ್ರದಂತ ಚಿಕಿತ್ಸೆ ಎನ್ನಲಾಗುತ್ತದೆ. ಜನಸಾಮಾನ್ಯರಲ್ಲಿ ಇದು "ಹಲ್ಲಿಗೆ ಕ್ಲಿಪ್ ಹಾಕಿಸುವುದು" ಎಂದೇ ಪರಿಚಿತವಾಗಿದೆ. ಕ್ಲಿಪ್ ತೆಗೆದ ದಿನವೇ ಚಿಕಿತ್ಸೆ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದ್ದು, ಇದು ಸರಿಯಲ್ಲ. ಸರಿಪಡಿಸಿದ ಹಲ್ಲುಗಳನ್ನು ಅದೇ ಸ್ಥಾನದಲ್ಲಿ ಉಳಿಸಿಕೊಳ್ಳುವುದು ಚಿಕಿತ್ಸೆಯ ಕೊನೆಯ ಹಾಗೂ ಅತಿ ದೀರ್ಘವಾದ ಹಂತವಾಗಿರುತ್ತದೆ. ಈ ಹಂತದಲ್ಲಿ ಬಳಸುವ ಸಾಧನವೇ ರಿಟೇನರ್.

ಮಲೆನಾಡಿನ ಈ ಮೂರು ತಾಲ್ಲೂಕುಗಳ ಅನೇಕರು ವಕ್ರದಂತ ತಜ್ಞರ ಚಿಕಿತ್ಸೆಗಾಗಿ ಶಿವಮೊಗ್ಗ, ಮಣಿಪಾಲ, ಮಂಗಳೂರು ಅಥವಾ ಬೆಂಗಳೂರಿಗೆ ತೆರಳುತ್ತಾರೆ. ರಿಟೇನರ್ ಸಡಿಲಗೊಂಡಾಗ ತಜ್ಞರು ಸಮೀಪದಲ್ಲಿ ಇರುವುದಿಲ್ಲ. ಆದುದರಿಂದ ರಿಟೇನರ್‌ನ ನಿತ್ಯ ಪರೀಕ್ಷೆಯನ್ನು ಧರಿಸಿದವರೇ ಕಲಿತಿರಬೇಕಾಗುತ್ತದೆ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ರಿಟೇನರ್‌ನ ಅಗತ್ಯ

ಹಲ್ಲು ಮೂಳೆಯಲ್ಲಿ ನೇರವಾಗಿ ನೆಟ್ಟಿರುವುದಿಲ್ಲ. ಸೂಕ್ಷ್ಮ ನಾರುಗಳ ಮೂಲಕ ಮೂಳೆಗೂ ಒಸಡಿಗೂ ಬಂಧಿತವಾಗಿರುತ್ತದೆ. ಹಲ್ಲನ್ನು ಸರಿಸಿದಾಗ ಈ ನಾರುಗಳು ಎಳೆಯಲ್ಪಡುತ್ತವೆ. ಕ್ಲಿಪ್ ತೆಗೆದ ನಂತರ ಬೇರಿನ ಸುತ್ತಲಿನ ನಾರುಗಳು ಹೊಸ ಸ್ಥಾನಕ್ಕೆ ಹೊಂದಿಕೊಳ್ಳಲು 3ರಿಂದ 4 ತಿಂಗಳು ಬೇಕಾಗುತ್ತದೆ. ಒಸಡಿನಲ್ಲಿರುವ ಸ್ಥಿತಿಸ್ಥಾಪಕ ನಾರುಗಳಿಗೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಅವಧಿ ಹಿಡಿಯುತ್ತದೆ. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಸ್ಥಾನದತ್ತ ಎಳೆಯುತ್ತಲೇ ಇರುತ್ತವೆ. ತಿರುಚಿಕೊಂಡಿದ್ದ ಹಲ್ಲುಗಳಲ್ಲಿ ಹಾಗೂ ನಡುವೆ ಸಂದು ಇದ್ದ ಮುಂಭಾಗದ ಹಲ್ಲುಗಳಲ್ಲಿ ಈ ಪ್ರವೃತ್ತಿ ಅಧಿಕ.

ಇದರ ಜೊತೆಗೆ, ಚಿಕಿತ್ಸೆ ಪಡೆಯದವರಲ್ಲಿಯೂ ವಯಸ್ಸಾದಂತೆ ಕೆಳದವಡೆಯ ಮುಂಭಾಗದ ಹಲ್ಲುಗಳು ಒತ್ತೊತ್ತಾಗುವುದು ಸಹಜ. ಈ ಕಾರಣದಿಂದ ಸ್ಥಿರ ರಿಟೇನರನ್ನು ಅನೇಕ ವರ್ಷಗಳ ಕಾಲ ಉಳಿಸಿಕೊಳ್ಳಲು ತಜ್ಞರು ಸಲಹೆ ನೀಡುತ್ತಾರೆ.

2. ಸ್ಥಿರ ರಿಟೇನರ್ ಎಂದರೇನು?

ಮುಂಭಾಗದ ಹಲ್ಲುಗಳ ಹಿಂಬದಿಗೆ, ಅಂದರೆ ನಾಲಿಗೆಯ ಕಡೆಗೆ, ಅಂಟಿಸಲಾಗುವ ತೆಳುವಾದ ಲೋಹದ ತಂತಿಯೇ ಸ್ಥಿರ ರಿಟೇನರ್. ಸಾಮಾನ್ಯವಾಗಿ ಇದು ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಆರು ಹಲ್ಲುಗಳನ್ನು ಜೋಡಿಸುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ.

ಹಲ್ಲಿನ ಎನಾಮಲ್ ಮೇಲ್ಮೈಯನ್ನು ಆಮ್ಲದಿಂದ ಸಂಸ್ಕರಿಸಿದಲ್ಲಿ ಅಂಟು ಭದ್ರವಾಗಿ ಹಿಡಿಯುತ್ತದೆ ಎಂಬುದನ್ನು ಅಮೆರಿಕದ ಮೈಕೆಲ್ ಬುಯೊನೊಕೋರ್ ಅವರು 1955ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಈ ವಿಧಾನವನ್ನು ಬಳಸಿ ತಂತಿಯನ್ನು ನೇರವಾಗಿ ಹಲ್ಲಿಗೆ ಅಂಟಿಸುವ ಪದ್ಧತಿ ಬಳಕೆಗೆ ಬಂದಿತು. ಹಲವು ಎಳೆಗಳನ್ನು ಹೊಸೆದು ಮಾಡಿದ ತಂತಿ ಇಂದು ಹೆಚ್ಚಾಗಿ ಬಳಕೆಯಲ್ಲಿದೆ. ಆಹಾರ ಅಗಿಯುವಾಗ ಹಲ್ಲುಗಳ ಸಹಜವಾದ ಅಲ್ಪ ಚಲನೆಗೆ ಇದು ಅವಕಾಶ ನೀಡುತ್ತದೆ.

3. ಸೇವೆ ದೊರೆಯುವ ಸ್ಥಳಗಳು

ಅ) ತಾಲ್ಲೂಕು ಮಟ್ಟದ ಸಾರ್ವಜನಿಕ ಆಸ್ಪತ್ರೆಯ ದಂತ ವೈದ್ಯರಲ್ಲಿ ಹಲ್ಲಿನ ಪರೀಕ್ಷೆ, ಹಲ್ಲು ಶುಚಿಗೊಳಿಸುವಿಕೆ ಮುಂತಾದ ಸಾಮಾನ್ಯ ಚಿಕಿತ್ಸೆಯನ್ನು ಹಾಗೂ ಚುಚ್ಚುತ್ತಿರುವ ತಂತಿಯಂತಹ ತುರ್ತು ತೊಂದರೆಗೆ ನೆರವನ್ನು ಕೋರಬಹುದು.

ಆ) ತಜ್ಞರ ಅಭಿಪ್ರಾಯ ಅಗತ್ಯವಾದಲ್ಲಿ ಶಿವಮೊಗ್ಗದ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆಗೆ ಅಥವಾ ದಂತ ವೈದ್ಯಕೀಯ ಕಾಲೇಜಿಗೆ ಶಿಫಾರಸು ಚೀಟಿ ಪಡೆಯಬಹುದು.

ಇ) ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಕ್ರದಂತ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿರುತ್ತದೆ. ಶಿವಮೊಗ್ಗದ ಶರಾವತಿ ದಂತ ವೈದ್ಯಕೀಯ ಕಾಲೇಜು ಹಾಗೂ 1965ರಲ್ಲಿ ಆರಂಭಗೊಂಡ ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಈ ಭಾಗದವರಿಗೆ ಸಮೀಪದಲ್ಲಿವೆ. ಇವು ಖಾಸಗಿ ಸಂಸ್ಥೆಗಳಾಗಿದ್ದು ಶುಲ್ಕ ಅನ್ವಯವಾಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ.

ಈ) ಸೀಳುತುಟಿ ಮತ್ತು ಸೀಳಂಗುಳ ಹೊಂದಿರುವ 18 ವರ್ಷದೊಳಗಿನ ಮಕ್ಕಳನ್ನು 2013ರಲ್ಲಿ ಆರಂಭಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಗುರುತಿಸಲಾಗುತ್ತದೆ. ಇಂತಹ ಮಕ್ಕಳಲ್ಲಿ ಹಲ್ಲುಗಳು ಹಿಂದಿನ ಸ್ಥಾನಕ್ಕೆ ಮರಳುವ ಸಂಭವ ಹೆಚ್ಚಿರುವುದರಿಂದ ರಿಟೇನರ್ ಬಗ್ಗೆ ಪೋಷಕರು ವಿಶೇಷ ಗಮನ ಹರಿಸತಕ್ಕದ್ದು.

ಗಮನಿಸಿ: ರಾಜ್ಯದ ದಂತ ಭಾಗ್ಯ ಯೋಜನೆಯು ಹಲ್ಲು ಕಳೆದುಕೊಂಡ ಬಡ ಕುಟುಂಬಗಳ ಹಿರಿಯರಿಗೆ ಕೃತಕ ದಂತಪಂಕ್ತಿ ಒದಗಿಸುವ ಸಲುವಾಗಿ ರೂಪಿಸಲ್ಪಟ್ಟಿದೆ. ರಿಟೇನರ್ ಇದರ ವ್ಯಾಪ್ತಿಗೆ ಸೇರುವುದಿಲ್ಲ.

4. ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

1. ಕ್ಲಿಪ್ ಚಿಕಿತ್ಸೆಯ ಒಟ್ಟು ವೆಚ್ಚದಲ್ಲಿ ರಿಟೇನರ್ ಸೇರಿದೆಯೇ ಎಂಬುದನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ವಿಚಾರಿಸಿ ಲಿಖಿತವಾಗಿ ಪಡೆಯುವುದು.
2. ತಂತಿ ಬಿಟ್ಟುಹೋದಲ್ಲಿ ಮರು ಅಂಟಿಸುವ ಶುಲ್ಕವನ್ನು ತಿಳಿದುಕೊಳ್ಳುವುದು.
3. ರಾತ್ರಿ ಧರಿಸಲು ತೆಗೆದು ಹಾಕಬಹುದಾದ ಪಾರದರ್ಶಕ ರಿಟೇನರ್ ಒಂದನ್ನು ಹೆಚ್ಚುವರಿಯಾಗಿ ನೀಡುವಂತೆ ಕೋರುವುದು. ದೂರದ ಊರಿನವರಿಗೆ ಇದು ಅತ್ಯುಪಯುಕ್ತ.
4. ಅಳವಡಿಸಿದ ದಿನಾಂಕ, ತಂತಿಯ ವಿಧ, ಅಂಟಿಸಿದ ಹಲ್ಲುಗಳ ವಿವರವುಳ್ಳ ಚೀಟಿ ಹಾಗೂ ಹಲ್ಲಿನ ಅಚ್ಚನ್ನು ಪಡೆದು ಜೋಪಾನವಾಗಿ ಇಡುವುದು. ಓದು ಅಥವಾ ಉದ್ಯೋಗ ಮುಗಿಸಿ ಊರಿಗೆ ಮರಳಿದವರಿಗೆ ಬೇರೆ ವೈದ್ಯರಲ್ಲಿ ಚಿಕಿತ್ಸೆ ಮುಂದುವರಿಸಲು ಈ ದಾಖಲೆಗಳು ಆಧಾರವಾಗುತ್ತವೆ.

5. ಅಳವಡಿಸುವ ವಿಧಾನ

ಮೊದಲಿಗೆ ಹಲ್ಲುಗಳ ಹಿಂಬದಿಯನ್ನು ಶುಚಿಗೊಳಿಸಿ ಒಣಗಿಸಲಾಗುವುದು. ನಂತರ ಆಮ್ಲದ ಲೇಪ ಹಚ್ಚಿ ತೊಳೆದು, ತಂತಿಯನ್ನು ಹಲ್ಲಿನ ಆಕಾರಕ್ಕೆ ಹೊಂದಿಸಿ, ಪ್ರತಿ ಹಲ್ಲಿಗೂ ಹಲ್ಲಿನ ಬಣ್ಣದ ಅಂಟನ್ನು ಹಾಕಿ, ನೀಲಿ ಬೆಳಕಿನಿಂದ ಗಟ್ಟಿಗೊಳಿಸಲಾಗುವುದು. ಇದಕ್ಕೆ ಅರವಳಿಕೆ ಚುಚ್ಚುಮದ್ದಿನ ಅಗತ್ಯವಿಲ್ಲ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಕುರ್ಚಿಯಿಂದ ಏಳುವ ಮುನ್ನ ಹಲ್ಲು ಕಚ್ಚಿ ನೋಡತಕ್ಕದ್ದು. ಮೇಲಿನ ತಂತಿಗೆ ಕೆಳಗಿನ ಹಲ್ಲು ತಾಗುತ್ತಿದ್ದಲ್ಲಿ ಆಗಲೇ ತಿಳಿಸುವುದು. ತಾಗುವ ತಂತಿ ಬೇಗನೆ ಬಿಡುತ್ತದೆ.

6. ಹೊಂದಿಕೊಳ್ಳುವ ಅವಧಿ

ಮೊದಲ ಕೆಲವು ದಿನ ನಾಲಿಗೆ ಪದೇ ಪದೇ ತಂತಿಯತ್ತ ಹೋಗುವುದು, ಜೊಲ್ಲು ಹೆಚ್ಚಾಗುವುದು, ನಾಲಿಗೆಯ ತುದಿ ಉರಿಯುವುದು ಸಹಜ. ಮೇಲಿನ ಹಲ್ಲುಗಳಿಗೆ ಹಾಕಿಸಿಕೊಂಡವರಿಗೆ "ಸ", "ಶ" ಮುಂತಾದ ಅಕ್ಷರಗಳ ಉಚ್ಚಾರಣೆ ತುಸು ತೊದಲಬಹುದು. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದುವುದರಿಂದ ಇದು ಬೇಗ ಸರಿಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಂತಿ ಇರುವುದೇ ಮರೆತುಹೋಗುತ್ತದೆ. ಅನಂತರವೂ ಒಂದೇ ಜಾಗದಲ್ಲಿ ನಾಲಿಗೆ ಗಾಯವಾಗುತ್ತಿದ್ದಲ್ಲಿ ಅಂಟಿನ ಒರಟು ಅಂಚನ್ನು ವೈದ್ಯರಿಂದ ನಯಗೊಳಿಸಿಕೊಳ್ಳುವುದು.

7. ಆಹಾರ ಕ್ರಮ

ಯಾವುದೇ ಆಹಾರವನ್ನು ಸಂಪೂರ್ಣ ತ್ಯಜಿಸಬೇಕಾಗಿಲ್ಲ; ಗಟ್ಟಿ ಪದಾರ್ಥವನ್ನು ಮುಂಭಾಗದ ಹಲ್ಲಿನಿಂದ ಕಚ್ಚದೆ, ತುಂಡು ಮಾಡಿ ದವಡೆ ಹಲ್ಲಿನಿಂದ ಅಗಿಯುವುದು.

* ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ಅಡಿಕೆ ಕಡಿಯುವುದು, ಅಪ್ಪೆಮಿಡಿಯನ್ನು ಇಡಿಯಾಗಿ ಕಚ್ಚುವುದು ಬೇಡ. ಮಿಡಿಯನ್ನು ಹೆಚ್ಚಿಕೊಂಡು ತಿನ್ನಬಹುದು.
* ಚಕ್ಕುಲಿ, ಕೋಡುಬಳೆಗಳನ್ನು ಕೈಯಿಂದ ಮುರಿದು ಹಿಂದಿನ ಹಲ್ಲಿಗೆ ಕೊಡುವುದು.
* ಚಿಕ್ಕಿ, ಅಂಟುಂಡೆಯಂತಹ ಅಂಟುವ ತಿನಿಸುಗಳು ತಂತಿಯನ್ನು ಎಳೆಯುತ್ತವೆ, ಮಿತವಾಗಿರಲಿ.
* ಎಲೆ-ಅಡಿಕೆ ಹಾಗೂ ತಂಬಾಕಿನ ಸೇವನೆ ತ್ಯಜಿಸುವುದು. ಅಡಿಕೆಯ ಚೂರು ಮತ್ತು ಕಲೆ ತಂತಿಯ ಕೆಳಗೆ ಸೇರುತ್ತವೆ. ಇದಕ್ಕಿಂತ ಮುಖ್ಯವಾಗಿ, ಅಡಿಕೆ ಮತ್ತು ತಂಬಾಕು ಬಾಯಿ ಕ್ಯಾನ್ಸರಿಗೆ ಕಾರಣಗಳಾಗಿವೆ.

8. ಸ್ವಚ್ಛತೆ

ಕೆಳದವಡೆಯ ಮುಂಭಾಗದ ಹಲ್ಲುಗಳ ಹಿಂಬದಿಗೆ ಸಮೀಪದಲ್ಲಿಯೇ ಜೊಲ್ಲುಗ್ರಂಥಿಯ ನಾಳಗಳು ತೆರೆಯುವುದರಿಂದ ಅಲ್ಲಿ ಗಟ್ಟಿ ಕಿಟ್ಟ ಬೇಗ ಕಟ್ಟುತ್ತದೆ. ತಂತಿ ಇದ್ದಲ್ಲಿ ಇದು ಇನ್ನೂ ಹೆಚ್ಚು. ಆದುದರಿಂದ,

1. ದಿನಕ್ಕೆ ಎರಡು ಬಾರಿ ಮೃದು ಬ್ರಷ್‌ನಿಂದ, ತಂತಿಯ ಮೇಲೂ ಕೆಳಗೂ ಬ್ರಷ್ ತಲುಪುವಂತೆ ಉಜ್ಜುವುದು.
2. ರಾತ್ರಿ ಒಮ್ಮೆ ತಂತಿಯ ಕೆಳಗಿನಿಂದ ತೂರಿಸಬಹುದಾದ ಫ್ಲಾಸ್ ದಾರ ಅಥವಾ ಹಲ್ಲುಸಂದಿನ ಸಣ್ಣ ಬ್ರಷ್ ಬಳಸುವುದು. ಔಷಧಿ ಅಂಗಡಿಗಳಲ್ಲಿ ವಿಚಾರಿಸಬಹುದು.
3. ಪಿನ್ನು, ಸೂಜಿ, ಕಡ್ಡಿಗಳಿಂದ ಕೆದಕಬಾರದು.
4. ಆರು ತಿಂಗಳಿಗೊಮ್ಮೆ ದಂತ ವೈದ್ಯರಲ್ಲಿ ಕಿಟ್ಟ ತೆಗೆಸುವುದು. ರಿಟೇನರ್ ಇರುವುದನ್ನು ಮೊದಲೇ ತಿಳಿಸುವುದು.

9. ತಂತಿ ಬಿಟ್ಟಲ್ಲಿ ಅಥವಾ ಬಾಗಿದಲ್ಲಿ

ತಂತಿಯು ಒಂದು ಹಲ್ಲಿನಿಂದ ಬಿಟ್ಟರೂ ಉಳಿದ ಹಲ್ಲುಗಳು ಅದನ್ನು ಹಿಡಿದಿರುತ್ತವೆ. ನೋವು ಇರುವುದಿಲ್ಲ. ಗಮನಕ್ಕೆ ಬರುವಷ್ಟರಲ್ಲಿ ಆ ಹಲ್ಲು ಸರಿದಿರುತ್ತದೆ. ಆದುದರಿಂದ ವಾರಕ್ಕೊಮ್ಮೆ, ಉದಾಹರಣೆಗೆ ಪ್ರತಿ ಭಾನುವಾರ, ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ಪ್ರತಿ ಹಲ್ಲಿನ ಅಂಟನ್ನು ನೋಡುವುದು. ತೊಳೆದ ಬೆರಳಿನಿಂದ ತಂತಿಯನ್ನು ಮೆಲ್ಲಗೆ ಮುಟ್ಟಿ ಅಲುಗಾಡುವುದೇ ಎಂದು ಪರೀಕ್ಷಿಸುವುದು. ಮಕ್ಕಳಿಗೆ ಪೋಷಕರೇ ಇದನ್ನು ಮಾಡತಕ್ಕದ್ದು.

ಬಿಟ್ಟಿರುವುದು ಕಂಡುಬಂದಲ್ಲಿ:

1. ತಂತಿಯನ್ನು ಎಳೆಯಬಾರದು, ಮನೆಯ ಅಂಟಿನಿಂದ ಅಂಟಿಸಬಾರದು.
2. ಪಾರದರ್ಶಕ ರಿಟೇನರ್ ಇದ್ದು, ಅದು ಸಲೀಸಾಗಿ ಕೂಡುವುದಾದರೆ ಆ ದಿನದಿಂದಲೇ ಧರಿಸುವುದು. ಬಲವಂತವಾಗಿ ಕೂರಿಸಬಾರದು.
3. ತುದಿ ಚುಚ್ಚುತ್ತಿದ್ದಲ್ಲಿ ವೈದ್ಯರು ನೀಡಿದ ಮೇಣವನ್ನು ಇಟ್ಟುಕೊಂಡು ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರನ್ನು ಕಾಣುವುದು.
4. ತಜ್ಞರಿಗೆ ದೂರವಾಣಿ ಮೂಲಕ ತಿಳಿಸಿ, ಕೆಲವೇ ದಿನಗಳೊಳಗೆ ಭೇಟಿಯ ದಿನ ಗೊತ್ತುಪಡಿಸಿಕೊಳ್ಳುವುದು.
5. ತಂತಿಯ ತುಂಡು ಗಂಟಲಿಗೆ ಸೇರಿ ಕೆಮ್ಮು ಅಥವಾ ಉಸಿರಾಟದ ತೊಂದರೆ ಉಂಟಾದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು.

ಅಂಟು ಭದ್ರವಾಗಿದ್ದರೂ ತಂತಿ ಬಾಗಿದ್ದಲ್ಲಿ ಅದೇ ಹಲ್ಲನ್ನು ತಪ್ಪು ದಿಕ್ಕಿಗೆ ತಳ್ಳಬಹುದು. ಒಂದು ಹಲ್ಲು ವಾಲಿದಂತೆ ಅಥವಾ ಅದರ ಒಸಡು ಕೆಳಗಿಳಿದಂತೆ ಕಂಡಲ್ಲಿ ತಡಮಾಡದೆ ತಜ್ಞರನ್ನು ಕಾಣತಕ್ಕದ್ದು.

10. ಮಳೆಗಾಲದ ಮುನ್ನೆಚ್ಚರಿಕೆ

ಮಣಿಪಾಲ ಹಾಗೂ ಮಂಗಳೂರಿನತ್ತ ಸಾಗುವ ಆಗುಂಬೆ ಮತ್ತು ಹುಲಿಕಲ್ ಘಾಟಿಗಳಲ್ಲಿ ಮಳೆಗಾಲದಲ್ಲಿ ಭೂಕುಸಿತದ ಸಂಭವವಿದ್ದಾಗ ವಾಹನ ಸಂಚಾರಕ್ಕೆ ನಿರ್ಬಂಧ ವಿಧಿಸಲಾಗುತ್ತದೆ. ಏಪ್ರಿಲ್ ಅಥವಾ ಮೇ ರಜೆಯಲ್ಲಿ ಕ್ಲಿಪ್ ತೆಗೆಸಿದವರಿಗೆ, ಹಲ್ಲುಗಳು ಸರಿಯುವ ಸಂಭವ ಅತಿ ಹೆಚ್ಚಿರುವ ಮೊದಲ ತಿಂಗಳುಗಳು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಬರುತ್ತವೆ. ಇಂತಹವರು ಮಳೆಗೆ ಮುನ್ನ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು, ಪಾರದರ್ಶಕ ರಿಟೇನರ್ ಮತ್ತು ಮೇಣವನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಸೂಕ್ತ. ಶರಾವತಿ ಹಿನ್ನೀರಿನ ತುಮರಿ ಭಾಗದವರು ಸಾಗರ ತಲುಪಲು ಲಾಂಚನ್ನೇ ಅವಲಂಬಿಸಿದ್ದ ಸ್ಥಿತಿ, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡ ನಂತರ ಬದಲಾಗಿದೆ. ಮಹಿಳೆಯರು ಹಾಗೂ ವಿದ್ಯಾರ್ಥಿನಿಯರು ತಪಾಸಣೆಗೆ ತೆರಳಲು, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯ ಪಡೆಯಬಹುದು. ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎರಡು ವರ್ಷಗಳ ನಂತರ ತಂತಿ ತೆಗೆಸಬಹುದೇ?
ಉತ್ತರ: ತಜ್ಞರ ಸಲಹೆಯಿಲ್ಲದೆ ತೆಗೆಸಬಾರದು. ತೆಗೆಸಿದಲ್ಲಿ ರಾತ್ರಿ ವೇಳೆ ಪಾರದರ್ಶಕ ರಿಟೇನರ್ ಧರಿಸಬೇಕಾಗುತ್ತದೆ.

ಪ್ರಶ್ನೆ: ಎಂ.ಆರ್.ಐ. ಸ್ಕ್ಯಾನ್ ಮಾಡಿಸಬಹುದೇ?
ಉತ್ತರ: ತಂತಿ ಇರುವ ವಿಷಯವನ್ನು ಸಿಬ್ಬಂದಿಗೆ ಮೊದಲೇ ತಿಳಿಸುವುದು. ತಲೆಯ ಭಾಗದ ಸ್ಕ್ಯಾನ್‌ನಲ್ಲಿ ಚಿತ್ರ ಅಸ್ಪಷ್ಟವಾಗುವ ಸಾಧ್ಯತೆಯಿದ್ದು, ತೆಗೆಯುವ ಅಗತ್ಯವನ್ನು ವೈದ್ಯರು ನಿರ್ಧರಿಸುತ್ತಾರೆ.

ಪ್ರಶ್ನೆ: ಪಾರದರ್ಶಕ ರಿಟೇನರನ್ನು ಬಿಸಿ ನೀರಿನಲ್ಲಿ ತೊಳೆಯಬಹುದೇ?
ಉತ್ತರ: ಬಾರದು. ಆಕಾರ ಕೆಡುತ್ತದೆ. ತಣ್ಣೀರು ಮತ್ತು ಮೃದು ಬ್ರಷ್ ಬಳಸುವುದು.

ಪ್ರಶ್ನೆ: ಹಲ್ಲು ಈಗಾಗಲೇ ಸರಿದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಅಲ್ಪ ಪ್ರಮಾಣದಲ್ಲಿ ಸರಿದಿದ್ದರೆ ಬೇಗನೆ ತಜ್ಞರನ್ನು ಕಂಡಲ್ಲಿ ಸುಲಭದಲ್ಲಿ ಸರಿಪಡಿಸಬಹುದು. ತಡವಾದಲ್ಲಿ ಮತ್ತೊಮ್ಮೆ ಕ್ಲಿಪ್ ಹಾಕಿಸಬೇಕಾಗಬಹುದು. ವರ್ಷಗಳ ಶ್ರಮ ಮತ್ತು ಹಣ ಉಳಿಯುವುದು ವಾರಕ್ಕೊಮ್ಮೆಯ ಎರಡು ನಿಮಿಷಗಳ ಪರೀಕ್ಷೆಯಿಂದ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆ ನೀಡಿದ ತಜ್ಞರ ಸಲಹೆಯೇ ಅಂತಿಮ. ಹೆಚ್ಚಿನ ವಿವರಗಳಿಗೆ ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿಯ ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು, ಹಿಂದಿನ ಚಿಕಿತ್ಸೆಯ ದಾಖಲೆಗಳೊಂದಿಗೆ ಸಂಪರ್ಕಿಸುವುದು.