ವಿಟ್ಟೆನ್‌ಬೆರ್ಗಿನ ಊರ ಚರ್ಚು

ಜರ್ಮನಿ ದೇಶದಲ್ಲಿ ಎಲ್ಬ್ ನದಿಯ ದಡದ ಮೇಲೆ ವಿಟ್ಟೆನ್‌ಬೆರ್ಗ್ ಎಂಬ ಸಣ್ಣ ಪಟ್ಟಣವೊಂದುಂಟು. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರನು ಪಾಪಕ್ಷಮಾಪತ್ರಗಳ ಮಾರಾಟವನ್ನು ಖಂಡಿಸಿ, ತೊಂಬತ್ತೈದು ವಾದಸೂತ್ರಗಳನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ತಗುಲಿಸಿದನೆಂಬ ಕಥೆಯನ್ನು ವಾಚಕರು ಶಾಲೆಯ ಪುಸ್ತಕದಲ್ಲಿ ಓದಿರಬಹುದು. ಆ ಬಾಗಿಲು ಅರಮನೆಯ ಚರ್ಚಿನದು. ನಾನಿಲ್ಲಿ ಹೇಳಹೊರಟಿರುವುದು ಅದೇ ಊರಿನ ಇನ್ನೊಂದು ಚರ್ಚಿನ ವಿಷಯ. ಪೇಟೆಯ ಚೌಕದ ಮಗ್ಗುಲಲ್ಲೇ ಅವಳಿ ಗೋಪುರಗಳನ್ನೆತ್ತಿ ನಿಂತಿರುವ ಸಂತ ಮರಿಯಳ ಚರ್ಚು ಅದು. ಅರಮನೆಯದು ದೊರೆಯ ಚರ್ಚು. ಇದು ಊರವರ ಚರ್ಚು. ಮಕ್ಕಳ ದೀಕ್ಷಾಸ್ನಾನ, ಮದುವೆ, ಭಾನುವಾರದ ಉಪದೇಶ ಎಲ್ಲಕ್ಕೂ ಜನ ಬರುತ್ತಿದ್ದುದು ಇಲ್ಲಿಗೆ.

ಈ ಚರ್ಚಿನ ಹೆಸರು 1187ರಷ್ಟು ಹಿಂದೆಯೇ ದಾಖಲೆಯಲ್ಲಿ ಕಾಣುತ್ತದೆ. ಈಗಿರುವ ಕಟ್ಟಡದ ಗರ್ಭಾಂಗಣ ಸುಮಾರು 1280ರದು. ಜನ ಕೂಡುವ ದೊಡ್ಡ ಮಂಟಪವನ್ನು 1412ರಿಂದ 1439ರೊಳಗೆ ಕಟ್ಟಿದರು. ಗೋಪುರಗಳ ಮೇಲೆ ಮೊದಲು ಚೂಪಾದ ಕಲ್ಲಿನ ಶಿಖರಗಳಿದ್ದವು. 1546–47ರ ಮತಯುದ್ಧದಲ್ಲಿ ಫಿರಂಗಿಗಳನ್ನು ಏರಿಸಿ ನಿಲ್ಲಿಸಲೆಂದು ಅವುಗಳನ್ನು ಇಳಿಸಿದರು. ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ಇಂದು ಕಾಣುವ ಎಂಟು ಮೂಲೆಯ ತಲೆಗಳು ಬಂದವು.

ಆದರೆ ಈ ಚರ್ಚಿಗೆ ಹೆಸರು ಬಂದುದು ಕಲ್ಲಿನಿಂದಲ್ಲ, ಮಾತಿನಿಂದ. ಲೂಥರನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದ ಕಾಲದಲ್ಲಿ ಊರಿನಲ್ಲಿ ಕ್ಷೋಭೆಯೆದ್ದಿತು. ಸುಧಾರಣೆ ಕೂಡಲೇ ಆಗಬೇಕೆಂದು ಹಟ ಹಿಡಿದವರು 1522ರ ಆರಂಭದಲ್ಲಿ ಚರ್ಚುಗಳಲ್ಲಿದ್ದ ವಿಗ್ರಹಗಳನ್ನೂ ಚಿತ್ರಗಳನ್ನೂ ಕಿತ್ತೊಗೆದರು. ಸುದ್ದಿ ತಿಳಿದ ಲೂಥರನು ಪ್ರಾಣಭಯವನ್ನೂ ಲೆಕ್ಕಿಸದೆ ಹಿಂದಿರುಗಿ, ಮಾರ್ಚ್ 9ರ ಭಾನುವಾರದಿಂದ ಎಂಟು ದಿನ, ದಿನಕ್ಕೊಂದರಂತೆ ಈ ಚರ್ಚಿನಲ್ಲಿ ಉಪದೇಶ ಮಾಡಿದನು. ಯಾರನ್ನೂ ಬಲಾತ್ಕಾರದಿಂದ ನಂಬಿಸಲಾಗದು, ಕೈ ಮಾಡುವ ಕೆಲಸವನ್ನು ದೇವರ ವಾಕ್ಯಕ್ಕೆ ಬಿಡಬೇಕು ಎಂಬುದು ಅವುಗಳ ಸಾರ. ಊರು ಶಾಂತವಾಯಿತು. ಸೈನ್ಯವಿಲ್ಲದೆ, ದಂಡನೆಯಿಲ್ಲದೆ, ಬರಿಯ ಮಾತಿನಿಂದ!

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನ ಜರ್ಮನ್ ಹೊಸ ಒಡಂಬಡಿಕೆ ಇದೇ ಊರಿನಲ್ಲಿ ಅಚ್ಚಾಯಿತು. 1525ರ ಕ್ರಿಸ್‌ಮಸ್ ವೇಳೆಗೆ ಈ ಚರ್ಚಿನ ಪೂಜಾವಿಧಿ ಲ್ಯಾಟಿನ್ನಿನಿಂದ ಜನರ ಜರ್ಮನ್ ಭಾಷೆಗೆ ಬಂದಿತ್ತು. 1523ರಿಂದ ಇಲ್ಲಿ ಸಭಾಪಾಲಕನಾಗಿದ್ದವನು ಯೋಹಾನೆಸ್ ಬುಗೆನ್‌ಹಾಗೆನ್. ಲೂಥರನಿಗೂ ಸಂನ್ಯಾಸಿನಿಯಾಗಿದ್ದ ಕಥರೀನಾಳಿಗೂ ಮದುವೆ ಮಾಡಿಸಿದವನು ಆತನೇ. 1535ರಿಂದ ಪಾದ್ರಿಗಳು ಇಲ್ಲಿ ದೀಕ್ಷೆ ಪಡೆದು ದೂರದೂರುಗಳ ಸಭೆಗಳಿಗೆ ಹೊರಟರು. ಧರ್ಮವನ್ನು ಜನರ ನುಡಿಯಲ್ಲೇ ಹೇಳಬೇಕೆಂಬ ಈ ಹಟದ ಒಂದು ಕವಲು ಬಹುಕಾಲದ ಮೇಲೆ ನಮ್ಮ ನಾಡಿಗೂ ಹರಿದು ಬಂದಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳು ಜರ್ಮನರೇ. 1843ರ ‘ಮಂಗಳೂರ ಸಮಾಚಾರ’ವೂ 1894ರ ಕಿಟ್ಟೆಲರ ನಿಘಂಟೂ ಆ ಮಿಶನ್ನಿನವರ ದುಡಿಮೆಯ ಫಲವೆಂಬುದನ್ನು ಕನ್ನಡಿಗರು ಮರೆತಿಲ್ಲ.

ಚರ್ಚಿನ ಒಳಗೆ ಬಂದರೆ ಎದುರಿಗೆ ಕಾಣುವುದು 1547ರಲ್ಲಿ ನಿಲ್ಲಿಸಿದ ಚಿತ್ರಫಲಕ. ಅದು ಲೂಕಾಸ್ ಕ್ರಾನಾಖ್ ಮತ್ತು ಅವನ ಮಗನ ಕೈಕೆಲಸ. ತಂದೆಯಾದರೋ ಚಿತ್ರಕಾರನಷ್ಟೇ ಅಲ್ಲ, ಔಷಧದ ಅಂಗಡಿ ಇಟ್ಟವನು, ಊರಿನ ಮೇಯರನಾಗಿದ್ದವನು. ನಡುವಣ ಚಿತ್ರದಲ್ಲಿ ಯೇಸುವಿನ ಕಡೆಯ ಭೋಜನ. ಶಿಷ್ಯರ ಪಂಕ್ತಿಯಲ್ಲಿ ಗಡ್ಡಧಾರಿಯಾದ ಲೂಥರನೂ ಕುಳಿತಿದ್ದಾನೆ. ಎಡಗಡೆ ಪಂಡಿತ ಮೆಲಾಂಖ್ತನ್ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದಾನೆ. ಆತ ಪಾದ್ರಿಯೇ ಅಲ್ಲ, ನನ್ನಂತೆ ಪಾಠ ಹೇಳುವವನು! ಬಲಗಡೆ ಬುಗೆನ್‌ಹಾಗೆನ್ ಕೈಯಲ್ಲಿ ಬೀಗದ ಕೈ ಹಿಡಿದು ಪಾಪನಿವೇದನೆಯನ್ನು ಕೇಳುತ್ತಿದ್ದಾನೆ. ಕೆಳಗಿನ ಪಟ್ಟಿಯಲ್ಲಿ ಲೂಥರನು ಪೀಠದಿಂದ ಕೈಚಾಚಿ ಶಿಲುಬೆಯನ್ನು ತೋರುತ್ತಾನೆ. ಎದುರಿಗೆ ಊರಿನ ಹೆಂಗಸರು, ಗಂಡಸರು, ಮಕ್ಕಳು. ಚಿತ್ರಗಳನ್ನು ಕಿತ್ತೊಗೆದ ಊರಿನಲ್ಲೇ ಕಾಲು ಶತಮಾನದ ಮೇಲೆ ಇಂಥ ಚಿತ್ರ ನಿಂತಿತು.

ಇಷ್ಟಕ್ಕೇ ಮುಗಿಸಿದರೆ ಕಥೆ ಸೊಗಸಾಗಿಯೇ ಇರುತ್ತದೆ. ಆದರೆ ಚರಿತ್ರೆ ಹೇಳುವವನು ಕಟ್ಟಡದ ಹೊರಸುತ್ತನ್ನೂ ಬರಬೇಕು. ಆಗ್ನೇಯ ಮೂಲೆಯ ಗೋಡೆಯ ಮೇಲೆ, ತಲೆಯೆತ್ತಿದರೆ ಕಾಣುವಂತೆ, ಹದಿಮೂರನೆಯ ಶತಮಾನದ ಕೊನೆಯ ಹೊತ್ತಿನದೆನ್ನಲಾದ ಒಂದು ಉಬ್ಬುಶಿಲ್ಪವಿದೆ. ಯಹೂದಿಗಳು ಹಂದಿಯ ಮೊಲೆಯನ್ನು ಉಣ್ಣುತ್ತಿರುವಂತೆ ಅದನ್ನು ಕೆತ್ತಿದ್ದಾರೆ. ಹಂದಿ ಯಹೂದಿಗಳಿಗೆ ನಿಷಿದ್ಧವಾದ ಪ್ರಾಣಿ. ಅವರನ್ನು ಹೀಯಾಳಿಸುವುದಕ್ಕೆಂದೇ ಮಾಡಿದ ಕೆಲಸ ಇದು. ಇನ್ನೂ ಖೇದದ ಸಂಗತಿಯೆಂದರೆ, 1543ರಲ್ಲಿ ಲೂಥರನು ಯಹೂದಿಗಳನ್ನು ಕ್ರೂರವಾಗಿ ನಿಂದಿಸಿ ಬರೆದಾಗ ಈ ಶಿಲ್ಪವನ್ನೇ ಹೆಸರಿಸಿ ವರ್ಣಿಸಿದನು. 1570ರಲ್ಲಿ ಆ ಪುಸ್ತಕದ ಮಾತನ್ನೇ ಹಿಡಿದು ಅದರ ಮೇಲೆ ಅಕ್ಷರಗಳನ್ನೂ ಬರೆಯಿಸಿದರು. ಎಂಟು ದಿನ ಮಾತಾಡಿ ಊರನ್ನು ಶಾಂತಗೊಳಿಸಿದವನ ಮಾತೇ ಇನ್ನೊಂದು ಕಡೆ ವಿಷವಾಯಿತು.

ಇಂಥ ಕಲ್ಲನ್ನು ಏನು ಮಾಡಬೇಕು? ಊರು ಪೂರ್ವ ಜರ್ಮನಿಗೆ ಸೇರಿದ್ದ ಕಾಲದಲ್ಲಿ, 1988ರ ನವೆಂಬರಿನಲ್ಲಿ, ಅಂದರೆ ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾಮಂದಿರಗಳು ಸುಟ್ಟುಹೋದ ಐವತ್ತನೆಯ ವರ್ಷಕ್ಕೆ, ಚರ್ಚಿನ ಸಭೆಯವರು ಆ ಶಿಲ್ಪದ ಕೆಳಗೆ ನೆಲದ ಮೇಲೆ ಒಂದು ಸ್ಮಾರಕ ಹಾಸಿದರು. ಮುಚ್ಚಿದ ಚಪ್ಪಡಿಗಳ ಸಂದಿನಿಂದ ಅಡಗಿಸಲಾರದ ಏನೋ ಒಂದು ಉಕ್ಕಿ ಬರುತ್ತಿರುವಂತೆ ಅದರ ರೂಪ. ಹತರಾದ ಅರುವತ್ತು ಲಕ್ಷ ಯಹೂದಿಗಳ ನೆನಪು ಅದರ ಬರಹದಲ್ಲಿದೆ. ಇಷ್ಟು ಸಾಲದು, ಶಿಲ್ಪವನ್ನೇ ಕಿತ್ತುಹಾಕಬೇಕೆಂದು ಯಹೂದಿ ಗೃಹಸ್ಥರೊಬ್ಬರು ನ್ಯಾಯಾಲಯಕ್ಕೆ ಹೋದರು. 2022ರ ಜೂನಿನಲ್ಲಿ ಜರ್ಮನಿಯ ಉಚ್ಚ ನ್ಯಾಯಾಲಯವು, ಶಿಲ್ಪ ತಾನಾಗಿ ಅವಮಾನಕರವೇ ಆದರೂ ಸ್ಮಾರಕವೂ ವಿವರಣೆಯೂ ಜೊತೆಗಿರುವುದರಿಂದ ಅದು ಎಚ್ಚರಿಕೆಯ ಗುರುತಾಗಿದೆ, ತೆಗೆಯಬೇಕಾಗಿಲ್ಲ ಎಂದಿತು.

ತೀರ್ಪು ಬಂದರೂ ಪ್ರಶ್ನೆ ಮುಗಿದಿದೆಯೆಂದು ನನಗನ್ನಿಸುವುದಿಲ್ಲ. ಅವಮಾನಪಟ್ಟವರಿಗೆ ಆ ಕಲ್ಲು ದಿನವೂ ಕಣ್ಣಿಗೆ ಬೀಳುವ ಗಾಯ. ಅದನ್ನು ತೆಗೆಯಿರೆಂದವರ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಇತ್ತ, ಕಲ್ಲನ್ನು ತೆಗೆದ ಮಾತ್ರಕ್ಕೆ ಹಿರಿಯರ ತಪ್ಪು ಅಳಿಯುವುದೂ ಇಲ್ಲ. ನೀವೆಂದಾದರೂ ಆ ಊರಿಗೆ ಹೋದರೆ ಒಳಗಿನ ಚಿತ್ರವನ್ನು ಕಣ್ತುಂಬ ನೋಡಿ, ಹಾಗೆಯೇ ಹಿಂದಿರುಗಬೇಡಿ. ಹೊರಗೆ ಸುತ್ತಿ ಹೋಗಿ, ಆ ಮೂಲೆಯಲ್ಲಿಯೂ ಅಷ್ಟೇ ಹೊತ್ತು ನಿಲ್ಲಿ. ಎರಡನ್ನೂ ನೋಡಿದವರಿಗೇ ಆ ಚರ್ಚನ್ನು ಕಂಡಂತಾಗುವುದು.